ಲ್ಯಾಮಿನೇಷನ್ ಹಾಕಿಸಿದ ಸಹಿ

ಜನವರಿ 12, ಭಾನುವಾರ

ಬೆಳಿಗ್ಗೆ ಎಂಟಕ್ಕೆ ಒಬ್ಬ ಗಂಡಸು ನಮ್ಮ ಅತ್ತೆಯ ಫೋಟೋ ಹಿಡಿದುಕೊಂಡು ಬಾಗಿಲಿಗೆ ಬಂದರು. ಐವತ್ತೆಂಟರ ಅತ್ತೆಗೆ ಸಂಬಂಧ ಕೂಡಿಬಂತು ಎಂದು ನಾನು ಒಳಗೊಳಗೇ ನಗುವಷ್ಟರಲ್ಲಿ ಗುರುತು ಹತ್ತಿತು. ಹೊನ್ನಾಳಿಯ ಕಿರಾಣಿ ಮಂಡಿಯ ಮರುಳಪ್ಪ ಸಾಹುಕಾರರು. ನಮ್ಮ ಮಾವ ಚಿಕ್ಕಹನುಮಂತಪ್ಪ ಇಪ್ಪತ್ತೆರಡು ವರ್ಷ ಮೂಟೆ ಹೊತ್ತಿದ್ದು ಅವರ ಮಂಡಿಯಲ್ಲೇ. ಮಾವ ತೀರಿಕೊಂಡು ಎರಡು ವರ್ಷವಾಯಿತು. ಆವತ್ತು ಬಂದು ಹೋದ ಸಾಹುಕಾರರು ಮತ್ತೆ ನ್ಯಾಮತಿಗೆ ನಮ್ಮ ಮನೆಗೆ ಬಂದಿದ್ದು ಇವತ್ತೇ.

ಫೋಟೋ ಒಂದಲ್ಲ, ನಾಲ್ಕು. ನಾಲ್ಕನ್ನೂ ಶಿವಮೊಗ್ಗದ ಸರ್ಕಲ್ಲಿನ ಕ್ಯಾಮೆರಾ ತೆಗೆದಿದೆ. ನಾಲ್ಕರಲ್ಲೂ ನಮ್ಮ ಅತ್ತೆ ಅಂಜಿನಮ್ಮ ಮೊಪೆಡ್ಡಿನ ಮೇಲೆ ಕೂತಿದ್ದಾರೆ. ಹಿಂದೆ ಎರಡು ಮಂಡಕ್ಕಿ ಚೀಲ, ತಲೆಯ ಮೇಲೆ ಸೆರಗು. ಹೆಲ್ಮೆಟ್ ಮಾತ್ರ ಇಲ್ಲ. ಒಂದರಲ್ಲಿ ಕ್ಯಾಮೆರಾವನ್ನೇ ನೋಡಿ ನಕ್ಕಿದ್ದಾರೆ. ಐನೂರರಂತೆ ನಾಲ್ಕು ದಂಡ, ನಾಲ್ಕೂ ಸಾಹುಕಾರರ ಮನೆಯ ಫೋನಿಗೆ. ಯಾಕೆಂದರೆ ಆರ್‌ಸಿ ಕಾರ್ಡಿನಲ್ಲಿ ಈ ಗಾಡಿಯ ಮಾಲೀಕರು ಇವತ್ತಿಗೂ ಮರುಳಪ್ಪನವರೇ.

ಮಾವ ಅದನ್ನು ಅವರಿಂದ ಒಂಬತ್ತು ವರ್ಷದ ಹಿಂದೆ ಕೊಂಡರು. ಹನ್ನೆರಡು ಸಾವಿರವನ್ನು ಕೂಲಿಯಲ್ಲಿ ಮುರಿಸಿ ತೀರಿಸಿದರು. ಹೆಸರು ಬದಲಾಯಿಸುವುದೊಂದನ್ನು ಬಿಟ್ಟರು. ನಮ್ಮ ಕಡೆ ಅದನ್ನು ಬಿಡುವವರೇ ಹೆಚ್ಚು. ಮಾರಿದವರು ಖಾಲಿ ಫಾರಂಗೆ ಸಹಿ ಹಾಕಿ ಕೊಡುತ್ತಾರೆ, ಕೊಂಡವರು ಅದನ್ನು ಟ್ರಂಕಿಗೆ ಹಾಕುತ್ತಾರೆ, ಗಾಡಿ ಗುಜರಿಗೆ ಹೋಗುವ ತನಕ ಟ್ರಂಕು ತೆಗೆಯುವುದಿಲ್ಲ.

ಸಾಹುಕಾರರಿಗೆ ಎರಡು ಸಾವಿರದ ಚಿಂತೆ ಇರಲಿಲ್ಲ. ಎಪ್ಪತ್ತೆರಡು ವರ್ಷದಲ್ಲಿ ತಮ್ಮ ಹೆಸರಿಗೆ ಒಂದು ನೋಟೀಸೂ ಬಂದದ್ದಿಲ್ಲವಂತೆ. ಈಗ ಬಂದಿದೆ, ಫೋಟೋ ಸಮೇತ. ಅದನ್ನು ಮೊದಲು ನೋಡಿದವರು ಅವರ ಹೆಂಡತಿ ಸರ್ವಮಂಗಳಮ್ಮ. ನೋಡಿ, ‘ನಿಮ್ಮ ಗಾಡಿ ಮೇಲೆ ಕೂತು ನಗ್ತಿರೋ ಈಕೆ ಯಾರ್ರೀ’ ಎಂದು ಕೇಳಿದರಂತೆ. ನೋವು ಇರುವುದು ಅಲ್ಲಿ.

ಅತ್ತೆ ಕುರ್ಚಿ ತಂದು ಹಾಕಿದರು. ಅವರು ಕೂರಲಿಲ್ಲ. ನಾನು ಟೀ ತಂದೆ. ಮುಟ್ಟಲಿಲ್ಲ. ನಿಂತೇ ಹೇಳಿದರು:

“ಶಿವರಾತ್ರಿ ಒಳಗೆ ಆ ಗಾಡಿಯಿಂದ ನನ್ನ ಹೆಸರು ತೆಗೆಸ್ರಿ. ಇಲ್ಲಾ ಅಂದ್ರೆ ಗಾಡಿ ನಂದು ಅಂತ ಸ್ಟೇಷನ್ನಿಗೆ ಬರ್ದು ಕೊಟ್ಟು ತಗಂಡು ಹೋಗ್ತೀನಿ. ಕಾಗದದ ಮೇಲೆ ನಂದೇ ಐತಲ್ಲ.”

ಅವರು ಹೋದ ಮೇಲೆ ಅತ್ತೆ ಆ ಟೀ ತಾವೇ ಕುಡಿದು, ಬಿಟ್ಟು ಹೋಗಿದ್ದ ನಾಲ್ಕು ಹಾಳೆಗಳಲ್ಲಿ ನಕ್ಕದ್ದನ್ನು ಆರಿಸಿ ಬೇರೆ ಇಟ್ಟರು. “ಇದ್ರಾಗೆ ಚೆನ್ನಾಗಿ ಬಂದೀನಿ,” ಎಂದರು.

ನಗು ಬಂತು, ಆದರೆ ವಿಷಯ ನಗುವಂಥದ್ದಲ್ಲ. ಸೋಮವಾರ ಸವಳಂಗ, ಬುಧವಾರ ಸಾಸ್ವೆಹಳ್ಳಿ, ಗುರುವಾರ ಹೊನ್ನಾಳಿ, ತಿಂಗಳಿಗೆರಡು ಸಲ ಶಿವಮೊಗ್ಗಕ್ಕೆ ಪುಟಾಣಿ ಶೇಂಗಾ ತರಲು. ಅತ್ತೆಯ ವ್ಯಾಪಾರವೆಲ್ಲ ಆ ಎರಡು ಗಾಲಿಯ ಮೇಲಿದೆ. ಗಾಡಿ ಹೋದರೆ ಮಂಡಕ್ಕಿ ಹೋಯಿತು, ಮಂಡಕ್ಕಿ ಹೋದರೆ ಅತ್ತೆ ಮನೆಯಲ್ಲಿ ಕೂರುತ್ತಾರೆ, ಕೂತರೆ ನನ್ನ ಅಡುಗೆಯ ಮೇಲೆ ಭಾಷ್ಯ ಬರೆಯುತ್ತಾರೆ.

ನಿಜ ಹೇಳುವುದಾದರೆ (ಇಲ್ಲಿ ಹೇಳದೆ ಇನ್ನೆಲ್ಲಿ) ನನಗೆ ಈ ಗಾಡಿ ಅಷ್ಟಕ್ಕಷ್ಟೆ. ನಾನು ಹೊನ್ನಾಳಿಯ ಕಾಲೇಜಿನಲ್ಲಿ ವಾಣಿಜ್ಯದ ಅತಿಥಿ ಉಪನ್ಯಾಸಕಿ. ತಿಥಿ ಗೊತ್ತಿಲ್ಲದೆ ಬರುವವರು ಅತಿಥಿ. ನಮ್ಮಲ್ಲಿ ಸಂಬಳವೂ ಅತಿಥಿಯೇ. ಗುರುವಾರ ಅತ್ತೆ ಕಾಲೇಜಿನ ಗೇಟಿನೆದುರೇ ಚೀಲ ಇಳಿಸುತ್ತಾರೆ. ಹೋದ ವರ್ಷ ಸಹೋದ್ಯೋಗಿಯೊಬ್ಬರು ‘ಆಕೆ ನಿಮ್ಮನ್ನು ನೋಡಿ ಕೈ ಮಾಡಿದರಲ್ಲ’ ಎಂದಾಗ ‘ನಮ್ಮೂರಿನವರು’ ಎಂದೆ. ಸುಳ್ಳೇನಲ್ಲ. ಒಂದೇ ಊರು, ಒಂದೇ ಮನೆ.

ಆದ್ದರಿಂದ ನನ್ನ ಯೋಜನೆ: ಹೆಸರನ್ನು ನನ್ನ ಗಂಡ ರವಿಕುಮಾರನಿಗೆ ಮಾಡಿಸುವುದು, ಮಾಡಿಸಿ ಒಳ್ಳೆ ಬೆಲೆಗೆ ಮಾರುವುದು, ಬ್ಯಾಟರಿ ಸ್ಕೂಟರ್ ತರುವುದು. ಅದರ ಮೇಲೆ ಚೀಲ ಕಟ್ಟಲು ಜಾಗವೇ ಇರಬಾರದು.

ಜನವರಿ 13, ಸೋಮವಾರ

ಮಾವನ ಟ್ರಂಕು ತೆಗೆದೆವು. ಸಹಿ ಮಾಡಿದ ಎರಡು ಫಾರಂ ಸಿಕ್ಕವು, ನಂಬರ್ ಇಪ್ಪತ್ತೊಂಬತ್ತು ಮತ್ತು ಮೂವತ್ತು. ಮಾರಿದವರು ತಿಳಿಸುವುದು ಮೊದಲನೆಯದು, ಕೊಂಡವರು ಬೇಡುವುದು ಎರಡನೆಯದು. ಮರುಳಪ್ಪನವರ ಸಹಿ ಮುತ್ತಿನಂತಿದೆ. ಉಳಿದ ಜಾಗವೆಲ್ಲ ಖಾಲಿ. ಹೆಸರು, ವಿಳಾಸ, ತಾರೀಖು ತುಂಬಿದರೆ ಮುಗಿಯಿತು ಎಂದು ಪೆನ್ನು ಇಟ್ಟೆ. ಪೆನ್ನು ಜಾರಿತು.

ಮಾವ ಅವಕ್ಕೆ ಲ್ಯಾಮಿನೇಷನ್ ಹಾಕಿಸಿದ್ದಾರೆ.

ಖಾಲಿ ಫಾರಂಗೆ. ಎರಡೂ ಕಡೆ, ದಪ್ಪ ಪ್ಲಾಸ್ಟಿಕ್ಕು, ನಾಲ್ಕು ಅಂಚೂ ದುಂಡಗೆ ಕತ್ತರಿಸಿ. ನೀರಲ್ಲಿ ಮುಳುಗಿಸಿದರೂ ಸಹಿ ಅಳಿಯದು, ಬ್ರಹ್ಮ ಬಂದರೂ ಒಂದಕ್ಷರ ಸೇರಿಸಲಾಗದು. ಹತ್ತು ನಿಮಿಷ ನಕ್ಕೆ. ಅತ್ತೆ ನಗಲಿಲ್ಲ. ಸೆರಗಿನಿಂದ ಪ್ಲಾಸ್ಟಿಕ್ಕು ಒರೆಸಿ ನನ್ನ ಕೈಯಿಂದ ತೆಗೆದುಕೊಂಡರು.

ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ಏಜೆಂಟ್ ಭೀಮೇಶನನ್ನು ಕೇಳಿದೆ. ನಾಲ್ಕೂವರೆ ಸಾವಿರ ಕೊಟ್ಟು ಮನೆಯಲ್ಲಿ ಕೂರಿ ಮೇಡಂ, ಎಂದ. ಸರ್ಕಾರದ ಶುಲ್ಕ ಎಷ್ಟು ಎಂದೆ. ಅದನ್ನು ಕೇಳುವವರು ಅಪರೂಪ, ತನಗೂ ಮರೆತಿದೆ ಎಂದ. ನಾನು ವಾಣಿಜ್ಯ ಕಲಿಸುವವಳು. ನಿಗದಿತ ಶುಲ್ಕದ ಮೇಲೆ ಒಂದು ಪೈಸೆ ಕೊಡದೆ, ನಾನೇ ಮಾಡಿಸುತ್ತೇನೆ. ಬೀಗಲು ನನಗೂ ಒಂದು ಕಾರಣ ಬೇಕಲ್ಲ.

ಜನವರಿ 21, ಮಂಗಳವಾರ

ದಾವಣಗೆರೆಗೆ ಹೋಗಿಬಂದೆವು. ಅತ್ತೆ ಬರುತ್ತೇನೆಂದು ಹಠ ಹಿಡಿದರು, ತಲೆಗೆ ಎಣ್ಣೆ ಹಚ್ಚಿ, ಇಳಕಲ್ ಸೀರೆ ಉಟ್ಟು. ಹೊನ್ನಾಳಿಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್ಟು. ಖರ್ಚಿನ ಮೊದಲ ಬಾಬತ್ತು ಸೊನ್ನೆ, ಶುಭಾರಂಭ. ಸಾರಿಗೆ ಕಚೇರಿಯ ಧ್ಯಾನದಲ್ಲಿ ಬೆಳಿಗ್ಗೆ ಸಾರಿಗೆ ಉಪ್ಪು ಹಾಕಿರಲಿಲ್ಲ ಎಂದು ಅತ್ತೆ ಬಸ್ಸಿನಲ್ಲಿ ಎರಡು ಸಲ ನೆನಪಿಸಿದರು.

ಕಿಟಕಿಯಲ್ಲಿದ್ದ ಹೆಣ್ಣುಮಗಳು ಸಮಾಧಾನದಿಂದ ವಿವರಿಸಿದರು. ಲ್ಯಾಮಿನೇಷನ್ ಆದದ್ದು ನಡೆಯುವುದಿಲ್ಲ, ಹೊಸ ಫಾರಂ, ಹೊಸ ಸಹಿ. ಇನ್ಶೂರೆನ್ಸ್ ಇರಬೇಕು, ಹೊಗೆ ತಪಾಸಣೆ ಆಗಿರಬೇಕು, ಹೊಸ ಮಾದರಿ ನಂಬರ್ ಪ್ಲೇಟ್ ಇರಬೇಕು, ಹಳೆ ದಂಡವೆಲ್ಲ ಕಟ್ಟಿರಬೇಕು. ಅರ್ಜಿ ಆನ್‌ಲೈನ್. ಮಾರುವವರ ಆಧಾರ್ ಫೋನಿಗೆ ಒಟಿಪಿ ಹೋಗುತ್ತದೆ, ಅವರು ಅದನ್ನು ಹೇಳಿದರೇನೇ ಅರ್ಜಿ ಮುಂದಕ್ಕೆ. ಶುಲ್ಕ ಕೇಳಿದೆ. ಹೆಸರು ಬದಲಾವಣೆಗೆ ನೂರೈವತ್ತು, ಕಾರ್ಡಿಗೆ ಇನ್ನೂರು.

ಹೆಸರಿಗೆ ನೂರೈವತ್ತು. ಹೆಸರುಕಾಳೂ ಕಿಲೋಗೆ ಹೆಚ್ಚುಕಮ್ಮಿ ಅಷ್ಟೇ ಆಗಿದೆ, ಎಂದು ನಗಿಸಲು ಹೋದೆ. ಅತ್ತೆ ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು.

“ಇದೇ ಕಿಟಕಿ,” ಎಂದರು. “ನನ್ ಲೈಸೆನ್ಸ್ ಮಾಡ್ಸಾಕೆ ಬಂದ ದಿನ ನನ್ನ ಆ ಸಾಲಿನಾಗೆ ನಿಲ್ಸಿ ಅವ್ರು ಈ ಕಿಟಕಿಗೆ ಬಂದಿದ್ರು. ಕಂಕುಳಾಗೆ ಈ ಪ್ಲಾಸ್ಟಿಕ್ಕು. ಏನಾಯ್ತು ಅಂದೆ. ಏನಿಲ್ಲ ನಡಿ ಅಂದ್ರು. ಊರು ಮುಟ್ಟಾತನಕ ಮಾತಿಲ್ಲ.”

ಅಂದರೆ ಮಾವನಿಗೆ ಗೊತ್ತಿತ್ತು. ಪ್ಲಾಸ್ಟಿಕ್ಕು ಹಾಕಿಸಿ ಕೆಡಿಸಿದ್ದೇನೆ, ಇನ್ನೊಂದು ಸಹಿ ಬೇಕು ಎಂದು ಸಾಹುಕಾರರ ಮುಂದೆ ಹೋಗಿ ಕೇಳಬೇಕಿತ್ತು. ಕೇಳಲಿಲ್ಲ. ಸಾಯುವ ತನಕ ಬೇರೆಯವರ ಹೆಸರಿನ ಗಾಡಿ ಓಡಿಸಿದರು. ಊರೆಲ್ಲ ಅದನ್ನು ಸಾವ್ಕಾರ್ರ ಗಾಡಿ ಎನ್ನುತ್ತಿತ್ತು. ನಾವೂ.

“ನೂರೈವತ್ತಾ?” ಅತ್ತೆ ಮತ್ತೆ ಕೇಳಿದರು. “ನಾಕು ಸೇರು ಮಂಡಕ್ಕಿ ದುಡ್ಡಿಗೆ ಅಷ್ಟು ವರ್ಷ ನಾಚ್ಕಂಡ್ರಾ?”

ಬರುವಾಗ ಬಸ್ಸಿನಲ್ಲಿ ಅತ್ತೆ ಆ ಪ್ಲಾಸ್ಟಿಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನನಗೆ ಒಂದು ಶ್ಲೇಷೆಯೂ ಹೊಳೆಯಲಿಲ್ಲ, ವಿಚಿತ್ರ.

ಜನವರಿ 22

ಅತ್ತೆ ಸಾಸ್ವೆಹಳ್ಳಿಗೆ ಹೋಗಲಿಲ್ಲ. ಕಟ್ಟಿದ ಚೀಲ ಪಡಸಾಲೆಯಲ್ಲೇ ಇದೆ.

ಜನವರಿ 30, ಗುರುವಾರ

ಇನ್ಶೂರೆನ್ಸ್ ಆರುನೂರ ಚಿಲ್ಲರೆ. ನಂಬರ್ ಪ್ಲೇಟು ಐನೂರರ ಹತ್ತಿರ. ಹೊಗೆ ತಪಾಸಣೆಯವನು ನಳಿಗೆ ಇಟ್ಟ ಕೂಡಲೇ ಕೆಮ್ಮಿದ. ಕಾರ್ಬೊರೇಟರ್ ತೊಳೆಸಿ ಬನ್ನಿ ಎಂದ, ತೊಳೆಸಿದ್ದು ಮುನ್ನೂರು. ನಾಲ್ಕು ದಂಡ ಎರಡು ಸಾವಿರ, ಅತ್ತೆ ಮಂಡಕ್ಕಿ ಡಬ್ಬಿಯಿಂದ ಎಣಿಸಿ ಕೊಟ್ಟರು, ಹತ್ತು ಇಪ್ಪತ್ತರ ನೋಟುಗಳು. ಒಂದು ಹೆಲ್ಮೆಟ್. ಸೆರಗಿನ ಮೇಲೆ ಹಾಕಿಕೊಳ್ಳುವುದೋ ಸೆರಗಿನ ಕೆಳಗೋ ಎಂಬ ಚರ್ಚೆ ಅರ್ಧ ಗಂಟೆ ನಡೆದು, ಮೇಲೆ ಎಂದು ತೀರ್ಮಾನವಾಯಿತು. ಭೀಮೇಶನ ನಾಲ್ಕೂವರೆಯನ್ನು ನಾನು ಸಮೀಪಿಸುತ್ತಿದ್ದೇನೆ. ಆದರೆ ನನ್ನಲ್ಲಿ ಪ್ರತಿಯೊಂದಕ್ಕೂ ರಸೀದಿ ಇದೆ. ಅವನ ಬಳಿ ನಗು ಮಾತ್ರ ಇದೆ.

ಕಾಲೇಜಿನ ಗೇಟಿನಲ್ಲಿ ಅತ್ತೆ ಹೆಲ್ಮೆಟ್ ಹಾಕಿಕೊಂಡೇ ಮಂಡಕ್ಕಿ ಅಳೆಯುತ್ತಿದ್ದರು. ತೆಗೆದರೆ ಮತ್ತೆ ಕೂರುವುದಿಲ್ಲವಂತೆ. ಎರಡನೇ ವರ್ಷದ ಪ್ರವೀಣ್ ಕುಮಾರ್ ಕ್ಲಾಸಿನಲ್ಲಿ ‘ಮಿಸ್, ಗೇಟ್ ಹತ್ರ ಗಗನಯಾತ್ರಿ ಬಂದಾರೆ’ ಎಂದ. ಕ್ಲಾಸು ನಕ್ಕಿತು. ಅವರು ನಮ್ಮ ಅತ್ತೆ, ಸಾಲ ಕೊಡುವುದಿಲ್ಲ, ಚಿಲ್ಲರೆ ತಗೊಂಡು ಹೋಗಿ, ಎಂದೆ. ಆಮೇಲೆ ಸವಕಳಿಯ ಲೆಕ್ಕ ಮಾಡಿಸಿದೆ. ನೇರ ಸಾಲಿನ ಪದ್ಧತಿ ಅರ್ಧ ಕ್ಲಾಸಿಗೂ ಹತ್ತಿಲ್ಲ. ಸೋಮವಾರ ಮತ್ತೆ ಮಾಡಬೇಕು.

ಫೆಬ್ರವರಿ 2, ಭಾನುವಾರ

ಹೆಸರು ಯಾರದಾಗಬೇಕು ಎಂದು ಊಟಕ್ಕೆ ಕೂತಾಗ ಮಾತು ಬಂತು. ಮಾತೇನು, ಎಲ್ಲರಿಗೂ ಉತ್ತರ ಗೊತ್ತಿತ್ತು. ರವಿ ಮನೆಯ ಗಂಡಸು, ಲೈನ್‌ಮನ್, ಸರ್ಕಾರಿ ಗುರುತಿನ ಚೀಟಿ ಇದೆ. “ನಂಗೆ ಇಲಾಖೆ ಬೈಕ್ ಐತೆ, ನಂಗ್ಯಾಕೆ,” ಎಂದು ರವಿ ಅನ್ನ ಕಲಸಿದ. ಆದರೂ ನಿನ್ನದೇ ಇರಲಿ ಎಂದೆ. ಅತ್ತೆಯೂ ಹೂಂ ಎಂದರು. ಹೂಂ ಅಂದು ಎದ್ದು ಕೈ ತೊಳೆದರು. ಮಜ್ಜಿಗೆ ಹಾಕಿಸಿಕೊಳ್ಳಲಿಲ್ಲ.

ಅವರು ಮಜ್ಜಿಗೆ ಬಿಟ್ಟದ್ದನ್ನು ನಾನು ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ನೋಡಿಲ್ಲ.

ಫೆಬ್ರವರಿ 13, ಗುರುವಾರ

ಉದ್ದಕ್ಕೆ ಬರೆಯಬೇಕು.

ಕ್ಲಾಸು ಮುಗಿಸಿ ಬಂದವಳನ್ನು ಅತ್ತೆ ಗೇಟಿನಲ್ಲಿ ಹತ್ತಿಸಿಕೊಂಡರು. ಮಂಡಕ್ಕಿ ಖರ್ಚಾಗಿತ್ತು, ಖಾಲಿ ಚೀಲಗಳ ಮೇಲೆ ನಾನು. ಹೊಸ ಫಾರಂ ನನ್ನ ಬ್ಯಾಗಿನಲ್ಲಿ, ಹಳೆಯದು ಅತ್ತೆಯ ಕೈಚೀಲದಲ್ಲಿ. ಮಂಡಿಗೆ ಹೋದೆವು.

ಮರುಳಪ್ಪನವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ನಾಲ್ಕೈದು ಜನ ಗಿರಾಕಿಗಳು, ಇಬ್ಬರು ಹಮಾಲರು. ನಮ್ಮನ್ನು ನಿಲ್ಲಿಸಿಯೇ ಮಾತಾಡಿದರು. ಸಹಿ ಹಾಕಲು ಅಡ್ಡಿಯಿಲ್ಲ. ಆದರೆ ಒಂಬತ್ತು ವರ್ಷ ನನ್ನ ಹೆಸರಲ್ಲಿ ಓಡಿಸಿದ್ದು ತಪ್ಪಾಯಿತು ಎಂದು ಈ ನಾಲ್ಕು ಜನರ ಮುಂದೆ ಒಂದು ಮಾತು ಹೇಳಬೇಕು. ನನ್ನ ಹೆಸರಿದ್ದರೆ ಪೊಲೀಸರು ಕೈ ಅಡ್ಡ ಹಾಕುವುದಿಲ್ಲ ಅಂತ ತಾನೇ ಹನುಮಂತ ಬದಲಾಯಿಸದೆ ಇಟ್ಟುಕೊಂಡದ್ದು?

ಒಂದು ಮಾತಲ್ಲವೇ, ಹೇಳಿಬಿಡಲಿ ಎಂದು ನನ್ನ ಮನಸ್ಸು. ತಪ್ಪಾಯಿತು ಎನ್ನಲು ಶುಲ್ಕವಿಲ್ಲ. ಅತ್ತೆ ದಂಡದ ರಸೀದಿ ನಾಲ್ಕನ್ನೂ ಗಲ್ಲಾದ ಮೇಲೆ ಸಾಲಾಗಿ ಇಟ್ಟರು.

“ಹೆಲ್ಮೆಟ್ ಹಾಕ್ದಿದ್ದು ನನ್ ತಪ್ಪು ಸಾವ್ಕಾರ್ರೇ. ಅದಕ್ಕೆ ದಂಡ ಕಟ್ಟೀನಿ. ಬ್ಯಾರೆ ತಪ್ಪು ನಾವ್ ಮಾಡಿಲ್ಲ. ಮಾಡದ್ದಕ್ಕೆ ತಪ್ಪಾಯ್ತು ಅಂದ್ರೆ ಮನ್ಯಾಗೆ ಗೋಡೆ ಮೇಲಿರೋ ಅವ್ರ ಫೋಟೋ ನೋಡಾಕಾಗಲ್ಲ ನಂಗೆ.”

ಆಮೇಲೆ ಕೈಚೀಲದಿಂದ ಆ ಪ್ಲಾಸ್ಟಿಕ್ಕಿನ ಹಾಳೆ ತೆಗೆದು ರಸೀದಿಗಳ ಪಕ್ಕ ಇಟ್ಟರು. ಸಾಹುಕಾರರು ಕನ್ನಡಕ ಹಾಕಿಕೊಂಡು ನೋಡಿದರು. ತಮ್ಮದೇ ಸಹಿ. ಇದಕ್ಯಾಕೆ ಲ್ಯಾಮಿನೇಷನ್ ಹಾಕಿಸಿದ ಅವನು, ಬುದ್ಧಿ ಎಲ್ಲಿತ್ತು, ಎಂದು ಗಿರಾಕಿಗಳ ಕಡೆ ನೋಡಿ ನಕ್ಕರು. ಗಿರಾಕಿಗಳೂ ನಕ್ಕರು. ಒಂದು ತಿಂಗಳ ಹಿಂದೆ ನಾನೂ ಹೀಗೇ ನಕ್ಕಿದ್ದೆ. ಇವತ್ತು ನನಗೆ ಕಿವಿ ಬಿಸಿಯಾಯಿತು.

“ಅವತ್ತು ನೀವು ಅವ್ರಿಗೆ ಕುರ್ಚಿ ಹಾಕ್ಸಿದ್ರಿ,” ಅಂದರು ಅತ್ತೆ. ದನಿ ಏರಿಸಲಿಲ್ಲ. “ಇಲ್ಲೇ, ಈ ಗಲ್ಲಾ ಪಕ್ಕ. ಗಾಡಿ ತಗಳ್ಳೋನು ನಿಂತ್ಕಬಾರದು ಕೂತ್ಕ ಅಂದ್ರಿ. ಇಪ್ಪತ್ತೆರಡು ವರ್ಷದಾಗೆ ಅವ್ರು ಈ ಅಂಗಡ್ಯಾಗೆ ಕುರ್ಚಿ ಮ್ಯಾಲೆ ಕೂತಿದ್ದು ಅದೊಂದೇ ದಿನ. ನೀವು ಸಹಿ ಹಾಕಾತನಕ ಕೂತಿದ್ರು. ಮನಿಗೆ ಬಂದು ನಂಗೆ ಹೇಳಿ, ಮಾರನೇ ದಿನ ಹೋಗಿ ಪ್ಲಾಸ್ಟಿಕ್ ಹಾಕ್ಸಿದ್ರು. ಹೆಸ್ರು ಬರ್ಸಾದು ಆಮ್ಯಾಲೆ ಅಂದ್ಕಂಡ್ರು. ಅದು ಆಗಲ್ಲ ಅಂತ ಗೊತ್ತಾದಾಗ, ನಿಮ್ ಸಹಿ ಕೆಡ್ಸೀನಿ ಅಂತ ನಿಮ್ ಮುಂದೆ ಬಂದು ಹೇಳಾಕೆ ಮುಖ ಆಗ್ಲಿಲ್ಲ. ನಿಮ್ ಹೆಸ್ರಿನ ಆಸೆ ಇರ್ಲಿಲ್ಲ ಅವ್ರಿಗೆ.”

ನಗು ನಿಂತಿತ್ತು. ಸಾಹುಕಾರರು ಹಾಳೆಯನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ದುಂಡಗೆ ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

“ಕುರ್ಚಿ ಹಾಕ್ಸಿದ್ನಾ ನಾನು?”

“ಹಾಕ್ಸಿದ್ರಿ.”

ಸಾಹುಕಾರರು ಹಾಳೆಯನ್ನು ಮೆಲ್ಲಗೆ ಅತ್ತೆಯ ಕಡೆ ಸರಿಸಿದರು. ಆಮೇಲೆ ಒಳಗಡೆಗೆ ಮುಖ ಮಾಡಿ ಎರಡು ಕುರ್ಚಿ ತರಲು ಹೇಳಿದರು. ಹೇಳಿದ ರೀತಿ ಒರಟಾಗಿತ್ತು. ಸೋತವರ ದನಿ ಹಾಗೆಯೇ ಇರುತ್ತದೆ. ಅತ್ತೆ ಸೀರೆ ಸರಿಮಾಡಿಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರ ಹಾಗೆ ಕೂತರು. ಹೆಲ್ಮೆಟ್ ತೊಡೆಯ ಮೇಲೆ. ನನ್ನ ಕುರ್ಚಿಯ ಒಂದು ಕಾಲು ಗಿಡ್ಡ, ಅಲ್ಲಾಡುತ್ತಿತ್ತು, ಅಲ್ಲಾಡದಂತೆ ಕೂತೆ.

ಸಾಹುಕಾರರು ಹೊಸ ಫಾರಂಗೆ ಸಹಿ ಹಾಕಿದರು. ಕೊಳ್ಳುವವರ ಹೆಸರು ಏನು ಬರೆಯಬೇಕು, ರವಿದಾ, ಎಂದು ನನ್ನನ್ನು ಕೇಳಿದರು.

“ಅಂಜಿನಮ್ಮ,” ಎಂದೆ. “ಗಂಡ ಲೇಟ್ ಚಿಕ್ಕಹನುಮಂತಪ್ಪ.”

ಮನೆಯಲ್ಲಿ ತೀರ್ಮಾನವಾದದ್ದು ಅದಲ್ಲ ಎಂದು ಹೇಳಿದ ಮೇಲೆ ನೆನಪಾಯಿತು. ಅತ್ತೆ ತಿರುಗಿ ನನ್ನನ್ನು ನೋಡಿದರು. ಸಾಹುಕಾರರು ಬರೆದೂ ಆಗಿತ್ತು. ಬ್ಯಾಟರಿ ಸ್ಕೂಟರಿನ ಲೆಕ್ಕ ಇನ್ನೊಮ್ಮೆ ಹಾಕಬೇಕು.

ಟೀ ಬಂತು. ಅತ್ತೆ ಒಂದು ಹನಿ ಬಿಡದೆ ಕುಡಿದರು.

ಫೆಬ್ರವರಿ 22, ಶನಿವಾರ

ಶಿವರಾತ್ರಿಗೆ ನಾಲ್ಕೇ ದಿನ. ಮರುಳಪ್ಪನವರು ಚನ್ನಗಿರಿಗೆ ಬೀಗರ ಮನೆಗೆ ಹೋಗಿದ್ದಾರೆ. ಅವರ ಆಧಾರಿಗೆ ಸೇರಿಸಿದ ನಂಬರು ಮನೆಯ ಫೋನು, ಅಂದರೆ ಸರ್ವಮಂಗಳಮ್ಮನವರ ಕೈಯಲ್ಲಿರುವುದು. ಗಾಡಿಯ ಮೇಲೆ ಕೂತು ನಗುವ ಹೆಂಗಸು ಯಾರು ಎಂದು ಕೇಳಿದವರ ಕೈಯಲ್ಲೇ ನಮ್ಮ ಆರು ಅಂಕಿ.

ನನ್ನ ಹಳೆ ವಿದ್ಯಾರ್ಥಿನಿ ರಮ್ಯಶ್ರೀ ನ್ಯಾಮತಿಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿದ್ದಾಳೆ. ಅರ್ಜಿ ತುಂಬಿ, ಒಟಿಪಿ ಕಳಿಸಿ, ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಸರ್ವಮಂಗಳಮ್ಮನವರು ಕನ್ನಡಕ ಹುಡುಕಿದರು. ಸಿಕ್ಕಿತು. ಮೆಸೇಜು ಹುಡುಕಿದರು. ಯಾವುದೋ ಸೀರೆ ಅಂಗಡಿಯ ರಿಯಾಯಿತಿ ಓದಿದರು. ಹತ್ತು ನಿಮಿಷ ಮುಗಿದು ಆರು ಅಂಕಿ ಸತ್ತವು. ರಮ್ಯಶ್ರೀ ಎರಡನೆಯದನ್ನು ಕಳಿಸಿದಳು.

“ಅಂಜಿನಮ್ಮ ಅಂದ್ರೆ ನೀನೇ ಏನಮ್ಮಾ, ಫೋಟೋದಾಗೆ ನಕ್ಕಾಕಿ?” ಎಂದು ಫೋನು ಕೇಳಿತು.

“ಹೂಂನ್ರೀ ಅಮ್ಮಾರೇ.”

“ಆ ಗಾಡೀನ ನಮ್ಮ ಗುರುಬಸವರಾಜ್ ನನಗೇ ಅಂತ ತಂದಿದ್ದ, ಮಠಕ್ಕೆ ಹೋಗಿ ಬರ್ತೀಯಂತೆ ಅಂತ. ಇವ್ರು ಹತ್ತಾಕೆ ಬಿಡ್ಲಿಲ್ಲ. ಹೆಂಗ್ಸು ಬಿದ್ರೆ ನೋಡಿದೋರು ಏನಂತಾರೆ ಅಂದ್ರು. ಎರಡು ವರ್ಷ ಹಿತ್ತಿಲಾಗೆ ನಿಂತಿತ್ತು, ಆಮೇಲೆ ನಿಮ್ಮೋರಿಗೆ ಕೊಟ್ರು. ಬಿದ್ದಿದ್ದೀಯೇನು ಯಾವಾಗಾದ್ರೂ?”

“ಮೂರು ಸಲ ಬಿದ್ದೀನ್ರೀ. ಮಂಡಕ್ಕಿ ಚೀಲದ ಮ್ಯಾಲೇ ಬಿದ್ದೆ. ಏನೂ ಆಗ್ಲಿಲ್ಲ.”

ಆ ಕಡೆಯಿಂದ ನಗು. ಮಗ ತಂದ ಗಾಡಿಯ ಮೇಲೆ ಒಂದು ಸಲವೂ ಕೂರದವರ ನಗು ಇಷ್ಟು ಎಳೆಯದಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಆಮೇಲೆ ಒಂದೊಂದೇ ಅಂಕಿ, ಆರತಿ ತಟ್ಟೆಗೆ ಕಾಸು ಹಾಕಿದಂತೆ ಹೇಳಿದರು. ಏಳು, ಸೊನ್ನೆ, ನಾಲ್ಕು, ನಾಲ್ಕು, ಒಂಬತ್ತು, ಎರಡು. ರಮ್ಯಶ್ರೀ ಒತ್ತಿದಳು. ಹಸಿರು ಗುರುತು ಬಂತು. ನಾನು ಯಾಕೆ ಅತ್ತೆ? ಈ ವಾಕ್ಯವನ್ನು ಅತ್ತೆ ಓದಿದರೆ ತಪ್ಪು ತಿಳಿಯುತ್ತಾರೆ. ಇರಲಿ, ಎರಡರ್ಥವೂ ಸರಿಯೇ.

ಫೆಬ್ರವರಿ 26, ಶಿವರಾತ್ರಿ

ನಿನ್ನೆ ದಾವಣಗೆರೆಯಲ್ಲಿ ಎಲ್ಲ ಕಾಗದ ಕೊಟ್ಟು ಸ್ವೀಕೃತಿ ತಂದೆವು. ಶುಲ್ಕದ ರಸೀದಿಯಲ್ಲಿ ಅರ್ಜಿದಾರರ ಹೆಸರು ಅಂಜಿನಮ್ಮ ಎಂದಿದೆ. ಇವತ್ತು ಹೊನ್ನಾಳಿಗೆ ಹೋಗಿ ಸಾಹುಕಾರರಿಗೆ ತೋರಿಸಿದೆವು. ಉಪವಾಸದಲ್ಲಿದ್ದರು. ಓದಿ, ಸರಿ, ಹೇಳಿದ ದಿನಕ್ಕೆ ಮಾಡಿದಿರಿ, ಎಂದರು. ಹಳೆಯ ಪ್ಲಾಸ್ಟಿಕ್ಕಿನ ಹಾಳೆ ಏನು ಮಾಡಿದಿರಿ ಎಂದು ಕೇಳಿದರು. ಅತ್ತೆ ಟ್ರಂಕಿನಲ್ಲೇ ಐತೆ ಎಂದರು. ಇರಲಿ, ಎಂದರು ಅವರು.

ಕೂಡಿಸಿ ನೋಡಿದೆ. ಭೀಮೇಶನಿಗೆ ಕೊಡಬೇಕಿದ್ದಕ್ಕಿಂತ ಮುನ್ನೂರ ಎಪ್ಪತ್ತು ಹೆಚ್ಚು ಬಿದ್ದಿದೆ, ನನ್ನ ನಾಲ್ಕು ದಿನದ ಸಂಬಳ ಬಿಟ್ಟು. ಇದನ್ನು ಅವನಿಗೆ ಹೇಳುವ ಅಗತ್ಯ ನನಗೆ ಕಾಣುತ್ತಿಲ್ಲ.

ಮಾರ್ಚ್ 20, ಗುರುವಾರ

ಅಂಚೆಯಣ್ಣ ಲಕೋಟೆ ತಂದ. ಅತ್ತೆ ಕೈ ತೊಳೆದು ಬಂದು ಸಹಿ ಹಾಕಿ ತೆಗೆದುಕೊಂಡರು. ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿದ್ದ ಹೆಸರನ್ನು ನಾನು ಬೆರಳಿಟ್ಟು ಓದಿದೆ. ಇನ್ನೊಂದು ಸಲ ಎಂದರು. ಓದಿದೆ. ಕೆಳಗಿನದು ಎಂದರು. ಮಾವನ ಹೆಸರು ಓದಿದೆ. ಎರಡೂ ಒಂದೇ ಕಾರ್ಡಿನಾಗೆ ಐತೆ, ಎಂದು ತಮಗೇ ಹೇಳಿಕೊಂಡು ಮಂಡಕ್ಕಿ ಅಳೆಯಲು ಕೂತರು. ಸೇರು ತಲೆತಟ್ಟದೆ ಗೋಪುರ ಕಟ್ಟಿ ಅಳೆಯುತ್ತಿದ್ದರು. ಇವತ್ತಿನ ಗಿರಾಕಿಗಳಿಗೆ ಲಾಭ.

ಮಧ್ಯಾಹ್ನ ಕಾಲೇಜಿನ ಗೇಟಿನಲ್ಲಿ ಆಫೀಸಿನ ಬಂಗಾರಪ್ಪ, ಸಾವ್ಕಾರ್ರ ಗಾಡಿ ಸ್ವಲ್ಪ ಆ ಕಡೆ ಹಾಕ್ಸಿ ಮೇಡಂ, ಎಂದ. ಯಾವ ಸಾಹುಕಾರರು, ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗುವ ತನಕ ವಿವರಿಸಿದೆ. ಎರಡು ಗಂಟೆಯ ಕ್ಲಾಸಿಗೆ ಹತ್ತು ನಿಮಿಷ ತಡವಾಯಿತು.

ಏಪ್ರಿಲ್ 10, ಗುರುವಾರ

ರಜೆ. ಬೆಳಿಗ್ಗೆ ಅತ್ತೆಯ ಫೋನು ಟಿಣ್ ಎಂದಿತು. ಓದವ್ವಾ ಎಂದು ಕೊಟ್ಟರು.

ಶಿವಮೊಗ್ಗ, ಅದೇ ಸರ್ಕಲ್ಲು, ಹೋದ ಭಾನುವಾರ. ದಂಡ ಐನೂರು. ವಾಹನದ ಮಾಲೀಕರು: ಅಂಜಿನಮ್ಮ. ಫೋಟೋ ತೆರೆದೆ. ಮುಂದೆ ಅತ್ತೆ, ಸೆರಗಿನ ಮೇಲೆ ಹೆಲ್ಮೆಟ್, ಗಲ್ಲದ ಪಟ್ಟಿ ಕಾನೂನಿನಂತೆ ಬಿಗಿದಿದೆ. ಹಿಂದೆ ಪುಟಾಣಿ ಚೀಲವನ್ನು ತಬ್ಬಿಕೊಂಡು, ಕೂದಲು ಗಾಳಿಗೆ ಹಾರಾಡುತ್ತಾ, ಬಾಯಿ ತುಂಬ ನಗುತ್ತಾ ಒಬ್ಬಳು. ಅಪರಾಧ: ಹಿಂಬದಿ ಸವಾರರು ಹೆಲ್ಮೆಟ್ ಧರಿಸಿಲ್ಲ.

ಎಂ.ಕಾಂ., ಮೊದಲ ದರ್ಜೆ. ನಾನೇ.

ಕ್ಷಮಿಸಿ ಅತ್ತೆ, ದಂಡ ನಾನು ಕಟ್ಟುತ್ತೇನೆ, ಎಂದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಹೆಸರು ಎಲ್ಲಿದೆ ತೋರಿಸು ಎಂದರು. ತೋರಿಸಿದೆ. ಪಕ್ಕದ ಮನೆಯ ಶಂಕ್ರಮ್ಮನನ್ನು ಕರೆದು ತೋರಿಸಿದರು. ಹಾಲು ಹಾಕಲು ಬಂದ ಕಸ್ತೂರಮ್ಮನಿಗೂ ತೋರಿಸಿದರು. “ನೋಡ್ರಿ, ನನ್ ಹೆಸ್ರಿಗೇ ಬಂದೈತೆ,” ಎಂದು. ರವಿ ಕಂಬ ಹತ್ತಿದ್ದಾಗಲೇ ಫೋನ್ ಮಾಡಿ ಹೇಳಿದರು. ಸಾಹುಕಾರರ ಮನೆಗೂ ಮಾಡಿಸಿದರು. ಅವರ ಬದಲು ಸರ್ವಮಂಗಳಮ್ಮನವರೇ ಸಿಕ್ಕರು. ಫೋಟೋ ಕಳಿಸು, ಈ ಸಲ ಹಿಂದೆ ಕೂತಾಕಿ ಯಾರು, ಎಂದು ಕೇಳಿದರಂತೆ.

“ನಮ್ ಸೊಸೆ ಕಣ್ರೀ. ಕಾಲೇಜಿನಾಗೆ ಪಾಠ ಹೇಳ್ತಾಳೆ. ಹೆಲ್ಮೆಟ್ ಹಾಕ್ಕಳಾಕೆ ನಾನೇ ಇನ್ನೂ ಕಲ್ಸಿಲ್ಲ.”

ದಂಡ ಕಟ್ಟಿದ್ದು ಅವರೇ, ಡಬ್ಬಿಯಿಂದ. ಆಮೇಲೆ ಇಬ್ಬರೂ ಗಾಡಿ ಹತ್ತಿ ರಮ್ಯಶ್ರೀಯ ಅಂಗಡಿಗೆ ಹೋದೆವು. ನೋಟೀಸನ್ನು ಫೋಟೋ ಸಮೇತ ಬಣ್ಣದಲ್ಲಿ ತೆಗೆಸಿದೆವು. ಮಡಚಿ ಕೊಡಲಾ ಅಮ್ಮಾ ಎಂದು ರಮ್ಯಶ್ರೀ ಅತ್ತೆಯನ್ನು ಕೇಳಿದಳು.

“ಬ್ಯಾಡ,” ಎಂದರು ಅಂಜಿನಮ್ಮ. “ಪ್ಲಾಸ್ಟಿಕ್ ಹಾಕು. ಇದ್ರಾಗೆ ಬರ್ಯೋದು ಇನ್ನೇನೂ ಬಾಕಿ ಇಲ್ಲ.”

ನಾಲ್ಕು ಅಂಚನ್ನೂ ದುಂಡಗೆ ಕತ್ತರಿಸಲು ಹೇಳಿದವಳು ನಾನು.